ನಡುವಿನ ಕೆಂಪು

ನಮ್ಮ ಊರಿನಲ್ಲಿ ಬಿಳಿ ಅಂಗಿ ತೊಟ್ಟು ಯಾರ ಮನೆಗೂ ಹೋಗಬಾರದು. ಹೋದರೂ ನಡುಮನೆಯ ಗೋಡೆಗೆ ಒರಗಬಾರದು. ಹೊರಗಿನಿಂದ ಬಂದವರಿಗೆ ಇದನ್ನು ಹೊಸ್ತಿಲಲ್ಲೇ ಹೇಳುತ್ತೇವೆ. ಆದರೂ ಯಾರಾದರೊಬ್ಬರು ಮಾತಿನ ಭರದಲ್ಲಿ ಒರಗಿಬಿಡುತ್ತಾರೆ, ಎದ್ದು ನಿಂತಾಗ ಬೆನ್ನ ತುಂಬ ಆ ಮನೆಯ ಗಂಡಹೆಂಡಿರ ಬಣ್ಣ. ಯಾವ ಸೋಪಿಗೂ ಅದು ಬಿಡುವುದಿಲ್ಲ. ಮನೆಯವರು ಅಯ್ಯೋ ಪಾಪ ಎನ್ನುತ್ತ ಹಳೆಯ ಬಟ್ಟೆ ತಂದು ಒರೆಸುತ್ತಾರೆ, ಒಳಗೊಳಗೆ ಮಾತ್ರ ಹಿಗ್ಗುತ್ತಾರೆ. ತಮ್ಮ ಮನೆಯ ಬಣ್ಣ ಇನ್ನೂ ಹಸಿಯಾಗಿದೆ ಎಂಬ ಸುದ್ದಿ ಆ ಅಂಗಿಯ ಜೊತೆ ಊರೆಲ್ಲ ಸುತ್ತುತ್ತದೆ.

ನಮ್ಮಲ್ಲಿ ಮನೆಗೊಂದು ಚಿತ್ರ ಇರುತ್ತದೆ. ಅದರಲ್ಲಿ ಮುಖವಿಲ್ಲ, ಕೈಕಾಲಿಲ್ಲ, ದೇವರಿಲ್ಲ, ಹೂಬಳ್ಳಿ ಒಂದೂ ಇಲ್ಲ. ಬರೀ ಬಣ್ಣ. ಆ ಮನೆಯಲ್ಲಿ ಹುಟ್ಟಿದವರಿಗೆ, ಮದುವೆಯಾಗಿ ಬಂದವರಿಗೆ, ತಲೆಗೊಂದು ಬಣ್ಣ. ಒಬ್ಬರ ಬಣ್ಣ ಇನ್ನೊಬ್ಬರ ಬಣ್ಣವನ್ನು ಮುಟ್ಟುವ ಜಾಗಕ್ಕೆ ನಾವು ಕೂಡು ಎನ್ನುತ್ತೇವೆ. ಆ ಇಬ್ಬರ ನಡುವೆ ಪ್ರೀತಿಯೋ ಸಿಟ್ಟೋ ಹಂಬಲವೋ, ಏನಾದರೊಂದು ಇರುವತನಕ ಅವರ ಕೂಡು ಹಸಿಯಾಗಿರುತ್ತದೆ. ಏನೂ ಉಳಿಯದಿದ್ದರೆ ಒಣಗುತ್ತದೆ. ಹೀಗೇಕೆ ಎಂದು ಕೇಳಿದರೆ ನಮಗೆ ಗೊತ್ತಿಲ್ಲ, ಕೇಳಿಕೊಳ್ಳಲು ಪುರುಸೊತ್ತೂ ಇಲ್ಲ. ಅಂಬೆಗಾಲಿಡುವ ಮಕ್ಕಳನ್ನು ಗೋಡೆಯಿಂದ ದೂರ ಇಡಬೇಕು, ಬೆಕ್ಕನ್ನು ಓಡಿಸಬೇಕು, ಕೂತ ನೊಣವನ್ನು ಬಣ್ಣ ಕೆಡದ ಹಾಗೆ ಎತ್ತಬೇಕು. ಅದೇ ಸಾಕಷ್ಟು ಕೆಲಸ.

ನನ್ನ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ. ಕಣ್ಣು ಬಿಟ್ಟ ಕೂಡಲೇ ಜಗಳ ಶುರು, ಹಾಸಿಗೆ ಹಾಸುವವರೆಗೆ ಬಿಡುವಿಲ್ಲ. ಅವರ ಕೂಡು ಎಷ್ಟು ಹಸಿಯೆಂದರೆ ತೊಟ್ಟಿಕ್ಕುತ್ತದೆ, ಕೆಳಗೆ ಬೋಗುಣಿ ಇಟ್ಟಿದ್ದಾರೆ. ಅದೇ ಓಣಿಯ ಗುರುಶಾಂತಪ್ಪನವರು ಮತ್ತು ಅವರ ತಮ್ಮ ಒಬ್ಬರನ್ನೊಬ್ಬರು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಒಂದು ದಿನವೂ ದನಿ ಏರಿಸಿದವರಲ್ಲ. ಅವರ ಕೂಡು ಹಪ್ಪಳದ ಹಾಗೆ ಒಣಗಿತ್ತು. ಕೆರೆಸಿಬಿಟ್ಟರು. ತಮ್ಮನು ಮನೆ ಬಿಟ್ಟು ಹೊಳೆಯಾಚೆ ಹೋಗಿ ನೆಲೆಸಿದ. ಆ ಗುರುಶಾಂತಪ್ಪನವರೇ ಈಗ ಊರ ಹಿರಿಯರು.

ಕೆರೆಸುವುದು ಎಂದೆನಲ್ಲ, ಅದು ನಮ್ಮ ಊರ ಕಟ್ಟಳೆ. ಪ್ರತಿ ಬೇಸಿಗೆಯಲ್ಲಿ ಮನೆಗಳಿಗೆ ಸುಣ್ಣ ಬಳಿಯುವ ಮುಂಚೆ ಹಿರಿಯರು ಮನೆಮನೆಗೆ ಬಂದು ಚಿತ್ರ ಮುಟ್ಟಿ ನೋಡುತ್ತಾರೆ. ಕಿರುಬೆರಳಿನ ತುದಿಯಿಂದ, ಹಗುರವಾಗಿ, ಮಲಗಿದ ಕೂಸಿನ ಕೆನ್ನೆ ಮುಟ್ಟಿದಷ್ಟೇ. ಅದಕ್ಕಿಂತ ಜೋರಾಗಿ ಯಾರೂ ಮುಟ್ಟುವುದಿಲ್ಲ. ಒತ್ತಿ ನೋಡುವುದೆಂದರೆ ಇನ್ನೊಬ್ಬರ ಮನೆಯ ಪೆಟ್ಟಿಗೆಗೆ ಕೈ ಹಾಕಿದಷ್ಟು ಹೇಸಿಗೆಯ ಕೆಲಸ, ಸ್ವಂತ ಮನೆಯಲ್ಲಿ ಮಾಡಿದರೂ ಹೇಸಿಗೆಯೇ. ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಏಟು ಕೊಟ್ಟು ಕಲಿಸಿರುತ್ತೇವೆ. ಬೆರಳಿಗೆ ಬಣ್ಣ ಹತ್ತದಿದ್ದರೆ ಆ ಕೂಡು ಒಣಗಿದೆ ಎಂದು ಅರ್ಥ. ಹಚ್ಚಿದವರ ಕೈಯಿಂದಲೇ ಅದನ್ನು ಕೆರೆಸುತ್ತಾರೆ, ಮೇಲೆ ಸುಣ್ಣ ಬಳಿಯುತ್ತಾರೆ. ಆಮೇಲೆ ಅವರಿಬ್ಬರು ಒಬ್ಬರಿಗೊಬ್ಬರು ಏನೂ ಅಲ್ಲ. ಕೋರ್ಟು ಕಚೇರಿ ಇಲ್ಲ, ಬಾಯಿ ಬಡಿದುಕೊಳ್ಳುವುದಿಲ್ಲ. ನಮ್ಮಷ್ಟು ಅಚ್ಚುಕಟ್ಟಾಗಿ ಬದುಕುವವರು ಬೇರೆಲ್ಲೂ ಇಲ್ಲವೆಂದು ನಮಗೆ ಭಾರೀ ಹೆಮ್ಮೆಯಿತ್ತು.

ನನ್ನದು ಹಿಟ್ಟಿನ ಗಿರಣಿ. ಹೆಸರು ಶಾರವ್ವ. ನನ್ನ ಮನೆಯ ಚಿತ್ರದ ಮೇಲೆ ಗಿರಣಿಯ ಹಿಟ್ಟು ಹಾರಿ ಹಾರಿ ಕೂತು, ಯಾವುದು ನಾನು ಯಾವುದು ನನ್ನ ಗಂಡ ಎಂದು ನಮಗೇ ತಿಳಿಯದಂತಾಗಿದೆ, ಅದಕ್ಕೇ ನಾವು ಸುಖವಾಗಿದ್ದೇವೆ ಎಂದು ಜನ ಚೇಷ್ಟೆ ಮಾಡುತ್ತಾರೆ. ಇರಬಹುದು. ಗಿರಣಿಯ ಎದುರಿನ ಮನೆ ಸಾವಂತ್ರವ್ವನದು. ಈ ಊರಿನ ಮುಕ್ಕಾಲು ಪಾಲು ಚಿತ್ರಗಳನ್ನು ಬರೆದ ಕೈ ಅವಳದು. ಅವಳ ಬಗ್ಗೆ ಹೇಳುವಾಗ ನನಗೆ ತೂಕ ತಪ್ಪುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡವರಲ್ಲಿ ಅವಳಂಥವರು ಇನ್ನೊಬ್ಬರಿಲ್ಲ.

ಚಿತ್ರ ಬರೆಯಲು ಕರೆದರೆ ಸಾವಂತ್ರವ್ವ ಬಣ್ಣ ತರುತ್ತಿರಲಿಲ್ಲ. ಬರಿಗೈಯಲ್ಲಿ ಬಂದು ಊಟಕ್ಕೆ ಕೂರುತ್ತಿದ್ದಳು. ಉಣ್ಣುತ್ತ ನೋಡುತ್ತಿದ್ದಳು. ಯಾರು ಯಾರ ತಟ್ಟೆಗೆ ಕೇಳದೆ ಉಪ್ಪು ಹಾಕುತ್ತಾರೆ, ಯಾರು ಬಂದಾಗ ಯಾರು ಕಾಲು ಮಡಚಿಕೊಳ್ಳುತ್ತಾರೆ, ನಗು ಬಂದಾಗ ಯಾರು ಯಾರ ಮುಖ ನೋಡುತ್ತಾರೆ. ಕೈ ತೊಳೆದು, ಒಂದು ಮಾತೂ ಹೇಳದೆ ಹೊರಟುಬಿಡುವಳು. ಮನೆಗೆ ಹೋಗಿ ಕೆಮ್ಮಣ್ಣು, ಅರಿಸಿನ, ದೀಪದ ಕಾಡಿಗೆ, ನೀಲಿ, ಇನ್ನೂ ಏನೇನೋ ಸೊಪ್ಪಿನ ರಸ, ಎಲ್ಲವನ್ನೂ ಅಗಸಿ ಎಣ್ಣೆಯಲ್ಲಿ ಅರೆದು ಮರುದಿನ ತರುವಳು. ಕುಂಚ ಹಿಡಿದವಳಲ್ಲ. ಅಂಗೈಯಿಂದ ಬಳಿಯುವಳು, ರೊಟ್ಟಿ ತಟ್ಟುವವಳ ಹಾಗೆ, ದಪ್ಪಕ್ಕೆ, ಬೆರಳು ಹುಗಿಯುವಷ್ಟು ದಪ್ಪಕ್ಕೆ. ಮುಗಿದ ಮೇಲೆ ಮನೆಯವರು ಗೋಡೆಯ ಮುಂದೆ ನಿಂತುಬಿಡುತ್ತಿದ್ದರು. ನಾಕು ಬಣ್ಣದ ಕಲೆಗಳಲ್ಲಿ ತಮ್ಮ ಮನೆ ಅದು ಹೇಗೆ ಬಂದು ಕೂತಿತು ಎಂದು ಅವರಿಗೇ ಹೊಳೆಯುತ್ತಿರಲಿಲ್ಲ. ಒಮ್ಮೆ ಒಬ್ಬಳು ತನಗೆ ಬೂದಿ ಬಣ್ಣ ಹಚ್ಚಿದ್ದಾಳೆಂದು ಮುನಿಸಿಕೊಂಡು, ಗುಲಾಬಿ ಹಚ್ಚು, ಸೀರೆ ಕೊಡುತ್ತೇನೆ ಎಂದಳಂತೆ. ಸಾವಂತ್ರವ್ವ ಸೀರೆ ತೆಗೆದುಕೊಂಡು, ಉಟ್ಟುಕೊಂಡು, ಬೂದಿಯನ್ನೇ ಇನ್ನೊಂದು ಪದರ ಹಚ್ಚಿ ಬಂದಳು.

ಅವಳಿಗೆ ಒಬ್ಬನೇ ಮಗ, ಈರಣ್ಣ. ಅವನು ಹೊಳೆಯಾಚೆಯ ಊರಿನಿಂದ ಕಸ್ತೂರಿ ಎಂಬ ಹುಡುಗಿಯನ್ನು ಮದುವೆಯಾಗಿ ತಂದ. ಅಲ್ಲಿ ಬಣ್ಣ ಹಚ್ಚಿದರೆ ಒಣಗುತ್ತದಂತೆ, ಎಲ್ಲರಿಗೂ ಒಂದೇ ಥರ. ಮದುವೆಯ ಊಟ ಮುಗಿಸಿ ಸಾವಂತ್ರವ್ವ ತನ್ನ ಮನೆಯ ಚಿತ್ರಕ್ಕೆ ಸೊಸೆಯ ಬಣ್ಣ ಸೇರಿಸಿದಳು. ತನ್ನದು ಕಪ್ಪಿಗೆ ತಿರುಗಿದ ನೀಲಿ, ಎಡಕ್ಕಿತ್ತು. ನಡುವೆ ಈರಣ್ಣನ ಕೆಮ್ಮಣ್ಣಿನ ಕೆಂಪು. ಅದರ ಬಲಕ್ಕೆ ಕಸ್ತೂರಿಗೆಂದು ಎಳೆ ಕಡಲೆಯ ಹಸಿರು. ನೀಲಿಗೂ ಹಸಿರಿಗೂ ಎಲ್ಲೂ ಕೂಡು ಇರಲಿಲ್ಲ, ಕೆಳಗೆ ಒಂದಿಷ್ಟು ಬರಿಗೋಡೆ ಬಿಟ್ಟಿದ್ದಳು. ನಾನು ಕೇಳಿದ್ದಕ್ಕೆ, ಇನ್ನೂ ಏನೂ ಆಗಿಲ್ಲ, ಆದಾಗ ಹಚ್ಚಿದರಾಯಿತು, ಜಾಗ ಬಿಟ್ಟಿದ್ದೇನಲ್ಲ ಎಂದಳು. ಸುಳ್ಳು ಹಚ್ಚಿದವಳಲ್ಲ ಅವಳು. ಕೂಡು ಇಲ್ಲದಲ್ಲಿ ಬಣ್ಣ ಸೇರಿಸಿದರೆ ಸಂಜೆಯೊಳಗೆ ಒಣಗಿ ಹಕ್ಕಳೆ ಏಳುತ್ತದೆಂದು ಊರಿಗೇ ಗೊತ್ತು.

ಅತ್ತೆ ಸೊಸೆ ಜಗಳವಾಡಲಿಲ್ಲ. ಮಾತೂ ಆಡಲಿಲ್ಲ. ಒಬ್ಬಳು ಗಡಸು, ಇನ್ನೊಬ್ಬಳು ಅಂಜುಬುರುಕಿ. ಚಹಾ ಆಗಿದೆಯೆಂದು ಅವ್ವನಿಗೆ ಹೇಳಿ ಎಂದು ಕಸ್ತೂರಿ ಗಂಡನಿಗೆ ಹೇಳುವಳು, ಸಕ್ಕರೆ ಕಡಿಮೆ ಹಾಕಲು ಹೇಳು ಎಂದು ಸಾವಂತ್ರವ್ವ ಮಗನಿಗೆ ಹೇಳುವಳು. ಮೂವರೂ ಒಂದೇ ಒಲೆಯ ಮುಂದೆ ಕೂತಿರುತ್ತಿದ್ದರು. ಈರಣ್ಣ ನಕ್ಕೂ ನಕ್ಕೂ ಎರಡೂ ಕಡೆಗೆ ಮಾತು ಹೊರುತ್ತಿದ್ದ. ನಾನು ಸತ್ತರೆ ನೀವಿಬ್ಬರೂ ಮೂಕರಾಗುತ್ತೀರಿ ಎಂದು ಅಣಕಿಸುತ್ತಿದ್ದ.

ಆ ಮಾತು ಆಡಬಾರದಿತ್ತು. ಮಳೆಗಾಲದ ಕೊನೆಗೆ ಜ್ವರ ಹಿಡಿಯಿತು, ಏಳಲೇ ಇಲ್ಲ. ತಿಥಿಯ ಅಡುಗೆ ಇಳಿಸುವಷ್ಟರಲ್ಲಿ ಚಿತ್ರದ ನಡುವಿನ ಕೆಂಪು ಒಣಗಿತ್ತು. ಸತ್ತವರ ಬಣ್ಣ ಒಣಗುವುದು ಹೊಸತೇನಲ್ಲ. ಸಾವಂತ್ರವ್ವ ಕಿರುಬೆರಳು ತಾಗಿಸಿ, ಬೆರಳ ತುದಿ ನೋಡಿ, ಸೆರಗಿನಲ್ಲಿ ಅಡಗಿಸಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಅತ್ತಿದ್ದನ್ನು ನಾನು ನೋಡಲಿಲ್ಲ, ಆದರೆ ಅಂದಿನಿಂದ ಅವಳು ಯಾರ ಮನೆಗೂ ಚಿತ್ರ ಬರೆಯಲು ಹೋಗಲಿಲ್ಲ.

ಈಗ ಮಾತು ಹೊರುವವರಿಲ್ಲ. ಒಂದು ದಿನ ಕಸ್ತೂರಿ ಜೋಳದ ಬುಟ್ಟಿ ಇಳಿಸಿ, ತಲೆ ತಗ್ಗಿಸಿ, ಮೊಣಕಾಲಿಗೆ ತಿಕ್ಕುವ ಎಣ್ಣೆಯನ್ನು ಗೂಡಿನಲ್ಲಿ ಇಟ್ಟಿದ್ದೇನೆಂದು ಅತ್ತೆಗೆ ಹೇಳಬೇಕೆಂದಳು. ನಾನು ತಬ್ಬಿಬ್ಬಾದೆ. ನಿಮ್ಮ ಮನೆಯ ಗೂಡು, ನಿಮ್ಮ ಮನೆಯ ಅತ್ತೆ, ನಾನು ರಸ್ತೆ ದಾಟಿ ಹೋಗಿ ಹೇಳಬೇಕೇ ಎಂದು ಕೇಳಬೇಕೆನ್ನಿಸಿತು. ಹುಡುಗಿಯ ಮುಖ ನೋಡಿ ಸುಮ್ಮನೆ ಹೋಗಿ ಹೇಳಿದೆ. ಸಾವಂತ್ರವ್ವ ಹೂಂ ಎಂದಳು. ನಾನು ಹೊರಟಾಗ ಕರೆದು, ನೆಲ ಸುಡುವ ಹೊತ್ತಿನಲ್ಲಿ ಬರಿಗಾಲಲ್ಲಿ ನೀರಿಗೆ ಹೋಗಬೇಡವೆಂದು ಆಕೆಗೆ ಹೇಳು ಎಂದಳು. ಅಂದಿನಿಂದ ಅದೇ ನನ್ನ ಕಸುಬಾಯಿತು. ಗಿರಣಿಗೆ ಬರುವ ಜೋಳದ ಜೊತೆ ಮಾತು ಬರುತ್ತಿತ್ತು, ಹಿಟ್ಟಿನ ಜೊತೆ ಮಾತು ಹೋಗುತ್ತಿತ್ತು. ರಾತ್ರಿ ಕೆಮ್ಮುತ್ತಾರೆ, ಕಷಾಯ ಕುಡಿಯಲಿ. ತಲೆಗೆ ಎಣ್ಣೆ ಕಾಣದೆ ಕೂದಲು ನಾರಾಗಿದೆ, ಹಚ್ಚಿಕೊಳ್ಳಲಿ. ಒಬ್ಬರ ಕಣ್ಣೆದುರಿಗೆ ಒಬ್ಬರಿದ್ದು ಇಷ್ಟು ಅಕ್ಕರೆಯನ್ನು ರಸ್ತೆ ದಾಟಿಸಿ ಕಳಿಸುವವರನ್ನು ನಾನು ಕಂಡಿರಲಿಲ್ಲ.

ಬೇಸಿಗೆ ಬಂತು, ಸುಣ್ಣದ ಹೊತ್ತು ಬಂತು. ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ನಡುವಿನ ಬಣ್ಣ ಒಣಗಿದರೆ ಅದನ್ನು ಕೆರೆಯಬೇಕು. ಕೆರೆದ ಮೇಲೆ ಎರಡೂ ಕಡೆಯವರಿಗೆ ತಮ್ಮದೇ ಕೂಡು ಇದ್ದರೆ ಸರಿ, ಇಲ್ಲದಿದ್ದರೆ ಬಂದವಳು ಬಂದ ಊರಿಗೆ ಹೋಗಬೇಕು. ಹೊಳೆಯಾಚೆಯಿಂದ ಕಸ್ತೂರಿಯ ಅಣ್ಣ ಟೆಂಪೋ ತರುತ್ತೇನೆಂದು ಹೇಳಿ ಕಳಿಸಿದ್ದ. ಹುಡುಗಿ ಟ್ರಂಕು ತೊಳೆದು ಬಿಸಿಲಿಗಿಟ್ಟಳು. ಹೋಗಲು ಮನಸ್ಸಿದೆಯೇ ಎಂದು ನಾನು ನೇರವಾಗಿ ಕೇಳಿದೆ. ಅವಳು ಹಿಟ್ಟಿನ ಡಬ್ಬದ ಮುಚ್ಚಳವನ್ನು ತೆಗೆದಳು, ಹಾಕಿದಳು.

"ಇರು ಅಂದ್ರ ಇರ್ತೀನಿ ಶಾರಕ್ಕ. ಆದ್ರ ಯಾರಾಗಿ ಇರ್ಲಿ? ನಮ್ಮಿಬ್ಬರ ನಡುವ ಕೂಡು ಅಂಬೋದಽ ಇಲ್ಲ. ಅವರಿಗೆ ನಾ ಏನು?"

ಇದನ್ನು ಮಾತ್ರ ನಾನು ಅವಳ ಮಾತಾಗಿ ಹೊರಲಿಲ್ಲ, ನನ್ನ ಮಾತಾಗಿಯೇ ಸಾವಂತ್ರವ್ವನ ಮುಂದೆ ಇಟ್ಟೆ. ಊರಿಗೆಲ್ಲ ಚಿತ್ರ ಬರೆದವಳು ನೀನು, ಬಿಟ್ಟ ಜಾಗದಲ್ಲಿ ಒಂದು ಹಿಡಿ ನೀಲಿ, ಒಂದು ಹಿಡಿ ಹಸಿರು ಹಚ್ಚಿ ಕೂಡು ಮಾಡಲು ನಿನಗೇನು ಧಾಡಿ ಎಂದು ಬೈದೆ. ಅವಳು ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ನಾನು ಯಾವತ್ತೂ ಕಾಣದ ಹೆದರಿಕೆ ಇತ್ತು.

"ಹಚ್ಚಿದ್ದು ಸಂಜಿಯೊಳಗ ಒಣಗಿದ್ರ?" ಎಂದಳು. "ಈಗ ಗೊತ್ತಿಲ್ಲ ಅನ್ನೋದಾದ್ರೂ ಐತಿ. ಒಣಗಿದ್ರ ಅದೂ ಹೋಗ್ತೈತಿ. ಮಗನೂ ಹ್ವಾದ, ಈಕಿನೂ ನನ್ನಾಕಿ ಅಲ್ಲ ಅಂತ ಗ್ವಾಡಿ ನೋಡಿ ತಿಳ್ಕೊಂಡು ನಾ ಹೆಂಗ ಬದುಕಲಿ ಶಾರವ್ವ?"

ಮರುದಿನ ಬೆಳಿಗ್ಗೆ ಹಿಟ್ಟು ಕೊಡಲು ಹೋದಾಗ ಸಾವಂತ್ರವ್ವ ಕಚ್ಚೆ ಕಟ್ಟಿ ಬಣ್ಣ ಅರೆಯುತ್ತಿದ್ದಳು. ಹಳೆಯ ಚಿತ್ರದ ಎದುರಿನ ಗೋಡೆ ಬರಿದಾಗಿತ್ತು, ಅದರ ಮೇಲೆ ಹೊಸತೊಂದನ್ನು ಶುರುಮಾಡಿದ್ದಳು. ಹುಟ್ಟಿಲ್ಲ, ಮದುವೆಯಿಲ್ಲ, ಯಾರೂ ಕರೆದಿಲ್ಲ, ಸುಮ್ಮನೆ ಚಿತ್ರ ಬರೆಯುವುದನ್ನು ಈ ಊರು ಅಲ್ಲಿಯವರೆಗೆ ನೋಡಿರಲಿಲ್ಲ.

ಅದನ್ನು ಹೇಗೆ ಹೇಳಲಿ ನಾನು? ಕಾಳು ಬಿದ್ದ ಸದ್ದಿನಿಂದ ಜೋಳವೋ ಗೋಧಿಯೋ ಹೇಳಬಲ್ಲೆ, ಚಿತ್ರದ ಮಾತು ನನಗೆ ಬರುವುದಿಲ್ಲ. ಗೋಡೆಯ ಎಡ ಮೂಲೆಯಿಂದ ನೀಲಿ ಹೊರಟಿತ್ತು, ನೆಲದ ಹತ್ತಿರ ದಟ್ಟವಾಗಿ, ಮೇಲೆ ಹೋದ ಹಾಗೆ ತೆಳ್ಳಗಾಗುತ್ತ. ಅಡುಗೆಮನೆ ಬಾಗಿಲಿನ ಕಡೆಯಿಂದ ಹಸಿರು, ಮೊದಮೊದಲು ಬರೀ ಒಂದು ಕಲೆ, ಒಳಗೆ ಬರಲೋ ಬೇಡವೋ ಎಂದು ನಿಂತವರ ಹಾಗೆ. ದಿನವೂ ಎರಡೂ ಒಂದಿಷ್ಟು ಮುಂದೆ ಬರುತ್ತಿದ್ದವು. ನೀಲಿ ಒಂದು ಕಡೆ ಬಾಗುತ್ತಿತ್ತು, ಹಸಿರು ಭುಜ ತಿರುಗಿಸಿಕೊಳ್ಳುತ್ತಿತ್ತು, ಇನ್ನೊಂದು ಕಡೆ ಹಸಿರು ಮೆಲ್ಲಗೆ ಇಣುಕಿದರೆ ನೀಲಿ ಹಿಂದೆ ಸರಿದು ಜಾಗ ಬಿಡುತ್ತಿತ್ತು. ನೀಲಿಯ ಒಂದು ಭಾಗವನ್ನು ಉಗುರಿನಿಂದ ಗೀರಿ ಗೀರಿ ಗೋಡೆ ಕಾಣುವಷ್ಟು ತೆಳ್ಳಗೆ ಮಾಡಿದ್ದಳು. ಮುಖವಿಲ್ಲ, ಕಣ್ಣೀರಿಲ್ಲ, ಆದರೂ ಮಗನನ್ನು ಕಳೆದುಕೊಂಡವಳ ಎದೆ ಅದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಸುದ್ದಿ ಹಬ್ಬಿ ಜನ ನೋಡಲು ಬಂದರು. ಇದು ಹೊಳೆ ಮತ್ತು ದಂಡೆ ಎಂದರು ಕೆಲವರು, ಬೆನ್ನು ಮಾಡಿ ನಿಂತ ಎರಡು ಎಮ್ಮೆ ಎಂದ ಒಬ್ಬ. ಜಗಳಗಂಟ ದಂಪತಿ ಬಂದವರು ಹೊಸ್ತಿಲವರೆಗೆ ಕಚ್ಚಾಡಿ, ಗೋಡೆಯ ಮುಂದೆ ಬಾಯಿ ಮುಚ್ಚಿದರು. ಹೋಗುವಾಗ ಅವನು ಅವಳ ಚೀಲ ಹಿಡಿದುಕೊಂಡಿದ್ದ. ನಾನು ಕಣ್ಣಾರೆ ಕಂಡೆ. ಬಂದವರೆಲ್ಲ ತಮ್ಮ ತಮ್ಮ ಮನೆಯನ್ನೇ ಅಲ್ಲಿ ಕಂಡರು. ಒಬ್ಬ ಹೆಂಗಸು ತನ್ನ ಬೆರಳುಗಳಿಂದ ಇಷ್ಟು ಜನರ ಒಳಗನ್ನು ಮುಟ್ಟಬಲ್ಲಳು ಎಂಬುದು ನನಗೆ ಇವತ್ತಿಗೂ ಬೆರಗು.

ಕಸ್ತೂರಿ ಆ ಗೋಡೆಯ ಕೆಳಗೆ ದಿನಾ ಕಸ ಗುಡಿಸುತ್ತಿದ್ದಳು. ನೀಲಿ ತುಂಬ ಚೆಂದ ಬಂದಿದೆಯೆಂದು ಅತ್ತೆಗೆ ಹೇಳಿ ಎಂದು ನನಗೆ ಹೇಳಿದಳು. ಹೇಳಿದೆ. ಹಸಿರು ಇನ್ನೂ ಚೆಂದ ಎಂದು ಆಕೆಗೆ ಹೇಳು ಎಂದಳು ಸಾವಂತ್ರವ್ವ. ಅದನ್ನೂ ಹೇಳಿದೆ. ಆದರೆ ಹಿರಿಯರು ಬರುವ ದಿನ ಹತ್ತಿರವಾದ ಹಾಗೆ ಕೆಲಸ ನಿಂತುಹೋಯಿತು. ಎರಡು ಬಣ್ಣಗಳ ನಡುವೆ ತೊಲೆಯಿಂದ ನೆಲದವರೆಗೆ ನೂಲಿನಷ್ಟು ಬಿಳಿ ಗೋಡೆ ಉಳಿದಿತ್ತು. ಸಾವಂತ್ರವ್ವ ಅಂಗೈಯಲ್ಲಿ ಬಣ್ಣ ಹಿಡಿದು ಅದರ ಮುಂದೆ ನಿಲ್ಲುವಳು, ಕೈ ಎತ್ತುವಳು, ಇಳಿಸಿಬಿಡುವಳು. ಆ ನೂಲನ್ನು ದಾಟುವ ಧೈರ್ಯ ಅವಳಿಗೆ ಬರಲಿಲ್ಲ.

ಕೊನೆಗೆ ಆ ದಿನ ಬಂತು. ಗುರುಶಾಂತಪ್ಪನವರು ಇನ್ನಿಬ್ಬರು ಹಿರಿಯರ ಜೊತೆ ಬಂದರು, ಬಾಗಿಲಲ್ಲಿ ಟೆಂಪೋ ನಿಂತಿತ್ತು. ಕಸ್ತೂರಿಯ ಅಣ್ಣ ಬಿಳಿ ಅಂಗಿ ತೊಟ್ಟು ಬಂದಿದ್ದ, ಪಾಪ, ಅವನಿಗೆ ಗೊತ್ತಿರಲಿಲ್ಲ. ಗುರುಶಾಂತಪ್ಪನವರು ಒಳ್ಳೆಯ ಮನುಷ್ಯ. ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿ, ಕೈಮುಗಿದರು. ಆಮೇಲೆ ತಿರುಗಿ ಹಳೆಯ ಚಿತ್ರದ ಕೆಂಪಿಗೆ ಕಿರುಬೆರಳು ತಾಗಿಸಿ ಎಲ್ಲರಿಗೂ ತೋರಿಸಿದರು. ಬೆರಳು ಸ್ವಚ್ಛವಾಗಿತ್ತು. ಹೊಸದರಲ್ಲಿ ಕೂಡು ಮೂಡಿಲ್ಲ, ನಾನೇನು ಮಾಡಲಿ ತಾಯಿ, ಕೆರೆದುಬಿಡು ಎಂದು ಮೆಲ್ಲಗೆ ಹೇಳಿದರು.

ನನ್ನ ಗಿರಣಿಯಿಂದಲೇ ತಗಡಿನ ತುಂಡು ತಂದಿದ್ದರು, ಹಿಟ್ಟು ಕೆರೆಯುವುದು. ಸಾವಂತ್ರವ್ವ ಅದನ್ನು ಹಿಡಿದು ಮಗನ ಬಣ್ಣದ ಮುಂದೆ ನಿಂತಳು. ತಗಡನ್ನು ಗೋಡೆಯ ಹತ್ತಿರ ಒಯ್ದಳು, ತಾಗಿಸಲಿಲ್ಲ. ಆಗ ಕಸ್ತೂರಿ ಟ್ರಂಕನ್ನು ಕೆಳಗಿಟ್ಟು ಮುಂದೆ ಬಂದಳು. ಅವರ ಊರಲ್ಲಿ ಮನೆ ಬಿಟ್ಟು ಹೋಗುವ ಹೆಣ್ಣುಮಗಳು ಗೋಡೆಗೆ ಅಂಗೈ ಒತ್ತಿ ಹೊರಡುವುದು ವಾಡಿಕೆಯಂತೆ, ಮತ್ತೆ ಬರುವಂತಾಗಲಿ ಎಂದು. ನಮ್ಮ ಕಿರುಬೆರಳಿನ ಕಟ್ಟಳೆ ಅವಳಿಗೆ ರಕ್ತದಲ್ಲಿ ಬಂದದ್ದಲ್ಲ. ಅವಳು ಗಂಡನ ಬಣ್ಣದ ಮೇಲೆ ಇಡೀ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು.

ಹಿರಿಯರಲ್ಲೊಬ್ಬರು ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಆಗಿಹೋಗಿತ್ತು. ಕಾಸಿದ ಹಾಲಿನ ಕೆನೆ ಹರಿದಂತೆ ಆ ಒಣ ಪದರ ಹರಿಯಿತು, ಅವಳ ಬೆರಳುಗಳ ಸಂದಿಯಿಂದ ಕೆಂಪು ಉಕ್ಕಿ ಮುಂಗೈಗೆ ಇಳಿಯಿತು. ಹಸಿ ಕೆಂಪು. ಮದುವೆಯ ದಿನ ಹಚ್ಚಿದಷ್ಟೇ ಹಸಿ.

ಕಸ್ತೂರಿ ಹೆದರಿ ಕೈ ಹಿಂದೆ ತೆಗೆದಳು. ಸಾವಂತ್ರವ್ವ ಆ ಕೈಯನ್ನೇ ನೋಡುತ್ತಿದ್ದಳು. ಜೀವಮಾನವೆಲ್ಲ ಬೆರಳು ಹುಗಿಯುವಷ್ಟು ದಪ್ಪ ಬಣ್ಣ ಹಚ್ಚಿದವಳು, ಅದರ ಒಳಗೇನಿದೆಯೆಂದು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ. ತಗಡು ಅವಳ ಕೈಯಿಂದ ಜಾರಿ ಬಿತ್ತು. ಅವಳು ಮಗನ ಬಣ್ಣಕ್ಕೆ ತನ್ನ ಅಂಗೈಯನ್ನೂ ಒತ್ತಿದಳು, ಮತ್ತು ಆಗ ಅತ್ತಳು. ಇಷ್ಟು ದಿನದ್ದೆಲ್ಲ ಅತ್ತಳು. ಸತ್ತವನ ಮೇಲಿನ ಆಸೆ ಸತ್ತಿಲ್ಲವೆಂದು ಗೋಡೆ ಹೇಳಿದ ಮೇಲೆ ಅವಳಿಗೆ ಅಳಲು ಇನ್ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕೆಂಪಾದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಕಸ್ತೂರಿ ಒರೆಸುವ ಬಟ್ಟೆಗಾಗಿ ನನ್ನ ಕಡೆ ನೋಡಿದಳು. ನಾನು ಗೂಟದ ಮೇಲಿನ ಬಟ್ಟೆಗೆ ಕೈ ಹಾಕಿದೆ. ಸಾವಂತ್ರವ್ವ ಬಂದು ಸೊಸೆಯ ಮಣಿಕಟ್ಟು ಹಿಡಿದಳು. ಆ ಮನೆಗೆ ಅವಳು ಬಂದಾಗಿನಿಂದ ಅವರಿಬ್ಬರ ಮೈ ಸೋಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಡಿದುಕೊಂಡೇ ಎದುರಿನ ಗೋಡೆಯವರೆಗೆ ಕರೆದೊಯ್ದಳು, ಆ ನೂಲಿನಷ್ಟು ಬಿಳಿಯ ಮುಂದೆ ನಿಲ್ಲಿಸಿದಳು.

"ಕಸ್ತೂರಿ, ಬಟ್ಟಿ ಬ್ಯಾಡ," ಎಂದಳು. "ಇಲ್ಲಿ ಒರಸವಾ."

ಕಸ್ತೂರಿ ಕೈ ನಿಲುಕುವಷ್ಟು ಎತ್ತರಕ್ಕೆ ಎತ್ತಿ, ಮೇಲಿನಿಂದ ನೆಲದವರೆಗೆ ಒಂದೇ ಸಲಕ್ಕೆ ಎಳೆದಳು. ನೀಲಿಗೂ ಹಸಿರಿಗೂ ನಡುವೆ ಈರಣ್ಣನ ಕೆಂಪು ಇಳಿಯಿತು. ಸಾವಂತ್ರವ್ವ ಅದರ ಹಿಂದೆಯೇ ತನ್ನ ಅಂಗೈ ಎಳೆದು ಮೂರನ್ನೂ ಸೇರಿಸಿದಳು. ಅವಳು ಬರೆದ ಎಲ್ಲ ಚಿತ್ರಗಳಲ್ಲಿ ಇಷ್ಟು ಓರೆಕೋರೆಯಾದದ್ದು ಇನ್ನೊಂದಿಲ್ಲ, ಇಷ್ಟು ದೊಡ್ಡದೂ ಇನ್ನೊಂದಿಲ್ಲ.

ಹಿರಿಯರು ಸಂಜೆಯವರೆಗೆ ಕಾಯುವುದಾಗಿ ಹೇಳಿ ಪಡಸಾಲೆಯಲ್ಲಿ ಕೂತರು. ನಾನೇ ಚಹಾ ಮಾಡಿ ಕೊಟ್ಟೆ. ಆ ಮಧ್ಯಾಹ್ನ ನನಗೆ ಗಿರಣಿ ನೆನಪಾಗಲಿಲ್ಲ, ಜನ ಬುಟ್ಟಿ ಇಟ್ಟು ಕೂಗಿ ಕೂಗಿ ಹೋದರಂತೆ. ಅತ್ತೆ ಸೊಸೆ ಇಬ್ಬರೂ ಗೋಡೆಯ ಕಡೆ ನೋಡಲಾರದೆ ಅಡುಗೆಮನೆಯಲ್ಲಿ ಕೂತಿದ್ದರು. ಬಿಸಿಲು ಅಂಗಳ ಬಿಟ್ಟ ಮೇಲೆ ಗುರುಶಾಂತಪ್ಪನವರು ಎದ್ದರು. ಕಿರುಬೆರಳು ಚಾಚಿದರು, ಏನನ್ನಿಸಿತೋ, ಅದನ್ನು ಮಡಚಿಕೊಂಡು ಹೆಬ್ಬೆರಳು ಇಟ್ಟರು. ತೆಗೆದಾಗ ಹೆಬ್ಬೆರಳಿನ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು, ನಡುವೆ ಕೆಂಪು. ಮೂರೂ ಹಸಿ. ಅಷ್ಟರಲ್ಲಿ ಕಸ್ತೂರಿಯ ಅಣ್ಣ, ದಣಿದಿದ್ದನೇನೋ, ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದ. ಅವನು ಖಾಲಿ ಟೆಂಪೋ ತಿರುಗಿಸಿಕೊಂಡು ಹೋಗುವಾಗ ಬಿಳಿ ಅಂಗಿಯ ಬೆನ್ನ ಮೇಲಿನ ಅತ್ತೆ ಸೊಸೆಯನ್ನು ಊರೆಲ್ಲ ನೋಡಿತು.

ಮರುದಿನದಿಂದ ನಮ್ಮ ಊರಲ್ಲಿ ಒಂದು ನಾಚಿಕೆಗೇಡು ಶುರುವಾಯಿತು. ಎಲ್ಲರೂ ಬಾಗಿಲು ಮುಚ್ಚಿಕೊಂಡು ತಮ್ಮ ತಮ್ಮ ಗೋಡೆ ಒತ್ತಿ ನೋಡಿದರು. ಕೆಲವು ನಿಜಕ್ಕೂ ಗೋಡೆಯವರೆಗೆ ಒಣಗಿದ್ದವು. ಹಲವು ಒಣಗಿರಲಿಲ್ಲ. ಕೆರೆಸಿ ಸುಣ್ಣ ಬಳಿಸಿದವರು ಮಾತ್ರ ಏನು ಒತ್ತಬೇಕು? ಗುರುಶಾಂತಪ್ಪನವರ ಮನೆಗೆ ಹಿಟ್ಟು ಕೊಡಲು ಹೋದಾಗ ಅವರು ತಮ್ಮನ ಬಣ್ಣವಿದ್ದ ಕಡೆಯ ಬಿಳಿ ಗೋಡೆಗೆ ಅಂಗೈ ಇಟ್ಟು ನಿಂತಿದ್ದರು. ನಾನು ಸದ್ದು ಮಾಡದೆ ಡಬ್ಬ ಇಟ್ಟು ಬಂದೆ. ಆ ವಾರವೇ ಅವರು ಹೊಳೆಯಾಚೆಗೆ ಹೋಗುವ ಬಸ್ಸು ಹತ್ತಿದ್ದನ್ನು ಜನ ಕಂಡರು. ಕಿರುಬೆರಳಿನ ಕಟ್ಟಳೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸಾವಂತ್ರವ್ವ ಮತ್ತೆ ಮನೆಮನೆಗೆ ಊಟಕ್ಕೆ ಹೋಗತೊಡಗಿದಳು. ಬಣ್ಣ ಅರೆಯಲು ಈಗ ಕಸ್ತೂರಿ ಕೂರುತ್ತಾಳೆ. ಆ ಚಿತ್ರ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಾನು ಗಿರಣಿಯ ಬಾಗಿಲಿನಿಂದಲೇ ಬಿಳಿ ಅಂಗಿ ಬಿಚ್ಚಿ ಹೋಗಿ ಎಂದು ಕೂಗಿ ಹೇಳುತ್ತೇನೆ.

ಸುಣ್ಣದ ಕೆಲಸ ಮುಗಿದ ಮೇಲೆ ಕಸ್ತೂರಿ ಮೊದಲ ಸಲ ಜೋಳದ ಬುಟ್ಟಿ ತಂದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಬೀಸಿ, ಹಿಟ್ಟು ತುಂಬಿ, ರೂಢಿಯಂತೆ ಸೆರಗಿಗೆ ಕೈ ಒರೆಸಿಕೊಂಡು ರಸ್ತೆ ದಾಟಲು ಸಿದ್ಧಳಾಗಿ ನಿಂತೆ. ಅತ್ತೆಗೆ ಏನು ಹೇಳಲಿ ಎಂದು ಕೇಳಿದೆ. ಅವಳು ಬುಟ್ಟಿಯನ್ನು ತಲೆಗೆ ಏರಿಸಿಕೊಂಡಳು.

"ಏನಿಲ್ರೀ ಶಾರಕ್ಕ," ಎಂದಳು. "ನಾನಽ ಹೇಳ್ತೀನಿ."